ಫೀಸಿಲ್ಲದ ಕಾಲೇಜು

ಸಮತಾಳಿಗೆ ಯಾವ ಸೀಟು ಸಿಕ್ಕಿದೆ ಎಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ನೋಡಿದವಳು ನಾನು. ಜನ್ನಾಪುರದ ಬಸ್ ಸ್ಟಾಪಿನ ಎದುರು ವಿಜಯಕುಮಾರ್ ಅವರ ಆನ್‌ಲೈನ್ ಸೆಂಟರಿನಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದೇನೆ. ಜೆರಾಕ್ಸು, ಪಹಣಿ, ಆಧಾರ್ ತಿದ್ದುಪಡಿ, ಬೇಸಿಗೆ ಕಳೆದ ಮೇಲೆ ಕಾಲೇಜು ಅರ್ಜಿ. ನಾನು ಶಾಲೆ ಬಿಟ್ಟದ್ದು ಒಂಬತ್ತನೇ ಕ್ಲಾಸಿಗೆ. ಎಂಜಿನಿಯರ್ ಆಗುವವರ, ಡಾಕ್ಟರ್ ಆಗುವವರ ಅರ್ಜಿಗಳನ್ನೆಲ್ಲ ತುಂಬುವವಳು ನಾನೇ. ಬಂದವರು ಪರದೆ ನೋಡುತ್ತಾರೆ, ನನ್ನನ್ನು ನೋಡುವುದಿಲ್ಲ. ನನಗೆ ಅದೇ ಅನುಕೂಲ. ಯಾರಾದರೂ ಮುಖ ನೋಡಿ ಮಾತಾಡಿಸಿದರೆ ನನಗೆ ಮಾತು ಹೊರಡುವುದಿಲ್ಲ.

ಆ ಶನಿವಾರ ಮಧ್ಯಾಹ್ನ ತಂಗಿಯ ನಂಬರ್ ಹಾಕಿ ಒತ್ತಿದಾಗ ಪರದೆಯ ಮೇಲೆ ಬಂತು: ಬಿ.ಎಸ್ಸಿ. ಕೃಷಿ, ನವುಲೆ, ಶಿವಮೊಗ್ಗ. ಎರಡು ಸಲ ಓದಿದೆ. ಆಮೇಲೆ ವಿಜಯಕುಮಾರ್ ಅವರನ್ನು ಕರೆದು ತೋರಿಸಿದೆ.

“ಹೊಡೆದ್ಲಲ್ಲ ಮಾರಾಯ್ತಿ ನಿನ್ ತಂಗಿ! ಮೈಸೂರುಪಾಕು ಎಲ್ಲಿ?” ಎಂದರು ಅವರು.

ಸಮತಾಗೆ ಬೇಕಾಗಿದ್ದದ್ದೂ ಅದೇ. ಪಿಯುಸಿಯ ಎರಡು ವರ್ಷವೂ ಅವಳು ರೋಗ ಹಿಡಿದ ಎಲೆಗಳನ್ನು ಎಲ್ಲೆಲ್ಲಿಂದಲೋ ಕಿತ್ತು ತಂದು ಹಳೆಯ ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ರೋಗದ ಹೆಸರು ಬರೆಯುತ್ತಿದ್ದಳು. ನಮ್ಮ ಬೀದಿಯಲ್ಲಿ ಯಾರ ಮನೆಯ ಕರಿಬೇವಿಗೆ ಏನಾದರೂ ಅವಳನ್ನು ಕೇಳಲು ಬರುತ್ತಿದ್ದರು. ಅವಳು ಎಲೆಯನ್ನು ಮಗುಚಿ, ಬೆಳಕಿಗೆ ಹಿಡಿದು, ಡಾಕ್ಟರ ಹಾಗೆ ಮುಖ ಮಾಡಿ ಹೇಳುತ್ತಿದ್ದಳು. ನನಗೆ ನಗು ಬರುತ್ತಿತ್ತು, ಆದರೆ ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು.

ಸೀಟು ಬಂದರೆ ಮುಗಿಯುವುದಿಲ್ಲ. ಒಪ್ಪಿಗೆಯನ್ನೂ ಆನ್‌ಲೈನಿನಲ್ಲೇ ಒತ್ತಬೇಕು. ಚಾಯ್ಸ್ ಒನ್ ಎಂದರೆ ಈ ಸೀಟು ನನಗೆ ಬೇಕು, ಫೀಸು ಕಟ್ಟಿ ಸೇರುತ್ತೇನೆ ಎಂದು. ಮಂಗಳವಾರ ಸಂಜೆ ಐದಕ್ಕೆ ಅದು ಮುಚ್ಚುತ್ತಿತ್ತು. ಅದಾಗಿ ಮೂರು ದಿನದೊಳಗೆ ಅಂಕಪಟ್ಟಿ, ಟಿಸಿ, ಜಾತಿ ಪತ್ರ ಎಲ್ಲದರ ಒರಿಜಿನಲ್ ಹಿಡಿದುಕೊಂಡು ಕಾಲೇಜಿಗೆ ಹಾಜರಾಗಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಸೀಟು ಹೋಯಿತು.

ಅಂದು ಸಂಜೆಯೇ ಫೋನುಗಳು ಶುರುವಾದವು. ಅಪ್ಪನ ಫೋನಿಗೆ ಕರೆನ್ಸಿ ಇರುವುದು ಅಪರೂಪವಾದ್ದರಿಂದ ಅರ್ಜಿಗೆ ನನ್ನ ನಂಬರ್ ಕೊಟ್ಟಿದ್ದೆ. “ಸಮತಾ ಕೊಟ್ರಬಸಪ್ಪ ಅವರ ಮನೆಯವರಾ?” ಎಂದು ಒಂದು ಹುಡುಗಿಯ ಧ್ವನಿ. ಅವಳ ಹಿಂದೆ ಇನ್ನೂ ಹತ್ತಾರು ಹುಡುಗಿಯರು ಇದೇ ಮಾತನ್ನು ಬೇರೆ ಬೇರೆ ಹೆಸರು ಹಿಡಿದು ಹೇಳುತ್ತಿರುವುದು ಕೇಳಿಸುತ್ತಿತ್ತು. “ನವುಲೆ ಬಂದಿದೆ ಅಲ್ವಾ ಮೇಡಂ? ಇನ್ನೂ ಕನ್ಫರ್ಮ್ ಮಾಡಿಲ್ಲ ಅಲ್ವಾ?” ನಾವು ಅಮ್ಮನಿಗೆ ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ. ಕಟ್ ಮಾಡಿದೆ. ಮತ್ತೆ ಬಂತು. ಏಳನೆಯದು ಗಂಡಸಿನ ಧ್ವನಿ. ಕಾಲೇಜಿನ ವಿಷಯವನ್ನೇ ಎತ್ತಲಿಲ್ಲ. “ಮನೇಲಿ ದುಡಿಯೋರು ಎಷ್ಟು ಜನ?” ಎಂದು ಮಾತ್ರ ಕೇಳಿತು. ನಾನು ಫೋನನ್ನೇ ಆಫ್ ಮಾಡಿ ಇಟ್ಟೆ.

ದುಡಿಯುವವರು ಅಪ್ಪ ಮತ್ತು ನಾನು. ಅಪ್ಪ ಹಾರ್ಡ್‌ವೇರ್ ಅಂಗಡಿಯಲ್ಲಿ ಕಬ್ಬಿಣ ತೂಗುತ್ತಾರೆ. ಅಮ್ಮ ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ, ಅದು ಹಾಲಿಗೆ ಹೋಗುತ್ತದೆ. ಆ ರಾತ್ರಿ ಊಟವಾದ ಮೇಲೆ ಅಪ್ಪ ಮಾತು ತೆಗೆದರು.

“ಫೀಸು, ಹಾಸ್ಟೆಲ್ಲು, ಮೆಸ್ಸು. ನಾಲ್ಕು ವರ್ಷ,” ಎಂದರು.

“ಹಾಸ್ಟೆಲ್ ಬೇಡ ಅಪ್ಪಾ,” ಎಂದಳು ಸಮತಾ. “ಪಾಸ್ ಮಾಡಿಸಿದ್ರೆ ಇಲ್ಲಿಂದಲೇ ಓಡಾಡ್ತೀನಿ. ಫಸ್ಟ್ ಬಸ್ಸಿಗೆ ಹೋಗ್ತೀನಿ.”

“ಬೆಳಗ್ಗೆ ಏಳಕ್ಕೆ ಹೊಲದಲ್ಲಿ ಇರ್ಬೇಕಂತೆ ಅವರು. ನೀನು ಏಳೋದೇ ಏಳಕ್ಕೆ,” ಎಂದಳು ಅಮ್ಮ. ಎಲ್ಲರೂ ನಕ್ಕೆವು. ಅಪ್ಪ ನಕ್ಕರೂ ಅವರ ಬೆರಳು ಚಾಪೆಯ ಮೇಲೆ ಏನೋ ಗೀಚುತ್ತಲೇ ಇತ್ತು. ವಿದ್ಯಾರ್ಥಿವೇತನ ಬರುತ್ತದೆ ಎಂದು ನಾನು ಹೇಳಬೇಕೆಂದಿದ್ದೆ. ಬರುವುದು ವರ್ಷ ಮುಗಿದ ಮೇಲೆ ಎಂಬುದೂ ನನಗೆ ಗೊತ್ತಿತ್ತು.

ಭಾನುವಾರ ಹತ್ತು ಗಂಟೆಗೆ ಗುರುಪ್ರಸಾದ್ ಮಾವ ಬಂದ. ಅಮ್ಮನ ಚಿಕ್ಕಪ್ಪನ ಮಗ. ಎರಡು ವರ್ಷದಿಂದ ನಮ್ಮ ಮನೆಯ ಕಡೆ ತಲೆ ಹಾಕಿರಲಿಲ್ಲ. ಬಿಳಿ ಕಾರನ್ನು ಬೀದಿಯ ಬಾಯಲ್ಲೇ ನಿಲ್ಲಿಸಿ ನಡೆದು ಬಂದ.

“ಏನಕ್ಕ, ಮಗಳು ರ‍್ಯಾಂಕ್ ತಗೊಂಡ್ರೆ ತಮ್ಮನಿಗೆ ಹೇಳಬಾರದಾ?” ಎಂದು ಒಳಗೆ ಬಂದವನು ನೇರ ನನ್ನ ಕಡೆ ತಿರುಗಿದ. “ಇವಳೊಬ್ಬಳು. ಏನೇ ಜಗದಾಂಬಾ, ಫೋನ್ ಆಫ್ ಮಾಡಿ ಇಡ್ತಾರಾ ಯಾರಾದ್ರೂ?”

ನಾನು ಫೋನ್ ಆಫ್ ಮಾಡಿದ್ದು ಇವನಿಗೆ ಹೇಗೆ ಗೊತ್ತು? ಅವನು ನನಗೆ ಯಾವತ್ತೂ ಫೋನ್ ಮಾಡಿದವನಲ್ಲ.

ಅವನು ಕಂಕುಳಲ್ಲಿದ್ದ ಫೈಲು ಬಿಚ್ಚಿ ಬಣ್ಣದ ಪುಸ್ತಕವೊಂದನ್ನು ಅಪ್ಪನ ಕೈಗೆ ಕೊಟ್ಟ. ಬೇರೆ ದೇಶದ ನರ್ಸುಗಳು ನಗುತ್ತಿರುವ ಚಿತ್ರ. ಅದರ ಅಡಿಯಲ್ಲಿ ಫೈಲಿನಲ್ಲೇ ಉಳಿದ ಕಾಗದದಲ್ಲಿ ಹೆಸರುಗಳ ಪಟ್ಟಿಯಿತ್ತು. ಎಲ್ಲವೂ ಹುಡುಗಿಯರ ಹೆಸರು. ಕೆಲವಕ್ಕೆ ಟಿಕ್ ಹಾಕಿತ್ತು. ನಮ್ಮ ಸಮತಾಳ ಹೆಸರಿನ ಮುಂದೆ ಟಿಕ್ ಇರಲಿಲ್ಲ, ಸುತ್ತ ಒಂದು ಸೊನ್ನೆಯಿತ್ತು. ನಾನು ನೋಡುತ್ತಿರುವುದನ್ನು ಕಂಡು ಅವನು ಫೈಲು ಮುಚ್ಚಿದ.

“ಭಾವ, ಶಿವಮೊಗ್ಗದಲ್ಲೇ ಇದೆ. ನರ್ಸಿಂಗು. ನಾಲ್ಕು ವರ್ಷ, ಫೀಸು ಇಲ್ಲ, ಹಾಸ್ಟೆಲ್ ಇಲ್ಲ ಅಂದ್ರೆ ಹಾಸ್ಟೆಲ್ ಫೀಸು ಇಲ್ಲ, ಊಟ ಅವರದ್ದೇ, ಬಟ್ಟೆ ಅವರದ್ದೇ. ಮೂರನೇ ವರ್ಷದಿಂದ ಅವರೇ ಇವಳಿಗೆ ದುಡ್ಡು ಕೊಡ್ತಾರೆ. ಮುಗಿಸಿದ ದಿನವೇ ಕೆಲಸ. ಟ್ರಸ್ಟಿನವರು ನಮ್ಮವರ ಮಕ್ಕಳಿಗೆ ಅಂತಲೇ ಹತ್ತು ಸೀಟು ಇಟ್ಟಿದಾರೆ. ಒಂಬತ್ತು ಹೋಯ್ತು.”

“ನಂಗೆ ಅಗ್ರಿ ಬಂದಿದೆ ಮಾವ,” ಎಂದಳು ಸಮತಾ.

“ಗೊತ್ತು ಪುಟ್ಟ. ಓದಿ ಏನ್ಮಾಡ್ತೀಯಾ? ಕೊಟ್ಟಿಗೆ ಗೊಬ್ಬರ ಮಾರ್ತೀಯಾ?”

“ಅವಳಿಗೆ ರಕ್ತ ಕಂಡ್ರೆ ಆಗಲ್ಲ ಕಣೋ,” ಎಂದಳು ಅಮ್ಮ. “ಕಾಲೇಜಲ್ಲಿ ಬ್ಲಡ್ ಗ್ರೂಪ್ ನೋಡೋಕೆ ಸೂಜಿ ಚುಚ್ಚಿದ್ದಕ್ಕೇ ಬಿದ್ದು ಬಿಟ್ಟಿದ್ಲು.”

“ಒಂದು ವಾರ ಅಕ್ಕ. ಆಮೇಲೆ ಎಲ್ಲಾರಿಗೂ ಅಭ್ಯಾಸ ಆಗುತ್ತೆ. ಎಲ್ಲಾರಿಗೂ.”

ಅಮ್ಮ ಕೊಟ್ಟ ಚಹಾವನ್ನು ಅವನು ಮುಟ್ಟಲಿಲ್ಲ. ಕೆನೆ ಕಟ್ಟಿತು. ಕಾಲೇಜಿನ ವಿಷಯಕ್ಕಿಂತ ಹೆಚ್ಚಾಗಿ ಅವನು ಮನೆಯ ವಿಷಯ ಕೇಳಿದ. ಅಪ್ಪನ ಕಡೆಯವರು ಯಾರಾದರೂ ಪೊಲೀಸಿನಲ್ಲಿ, ವಕೀಲಿಯಲ್ಲಿ ಇದ್ದಾರೆಯೇ. ನಾವಿಬ್ಬರೇ ಹೆಣ್ಣುಮಕ್ಕಳು ತಾನೇ, ಅಣ್ಣತಮ್ಮಂದಿರು ಯಾರೂ ಇಲ್ಲವಲ್ಲ. ಸಮತಾಗೆ ರಾತ್ರಿ ನಿದ್ದೆಗೆಟ್ಟು ಓದುವ ಅಭ್ಯಾಸ ಇದೆಯೇ. ಅಪ್ಪ ಎಲ್ಲದಕ್ಕೂ ನಿಜವನ್ನೇ ಹೇಳಿದರು. ಒಂದೊಂದು ಉತ್ತರಕ್ಕೂ ಮಾವನ ಮುಖ ಸ್ವಲ್ಪ ಸ್ವಲ್ಪ ಸಡಿಲಾಗುತ್ತಾ ಹೋಯಿತು.

ಹೊರಡುವಾಗ ಅವನು ಹೇಳಿದ: “ನಾಳೆ ಒಂದು ಸಲ ಬಂದು ನೋಡಿ. ಒರಿಜಿನಲ್ ಎಲ್ಲ ತನ್ನಿ. ವೆರಿಫೈ ಮಾಡಿ ಕೊಡ್ತಾರೆ.”

ಅವನು ಹೋದ ಮೇಲೆ ಅಪ್ಪ ಬಹಳ ಹೊತ್ತು ಜಗುಲಿಯಲ್ಲಿ ಕೂತಿದ್ದರು. ಆಮೇಲೆ ಒಳಗೆ ಬಂದು, “ವೀರಭದ್ರನ್ನ ಕೇಳೋಣ,” ಎಂದರು.

ನಮ್ಮಲ್ಲಿ ದೊಡ್ಡ ಮಾತೇನಾದರೂ ಬಂದರೆ ವೀರಭದ್ರ ದೇವರ ಗುಡಿಯಲ್ಲಿ ಪ್ರಸಾದ ಕೇಳುವುದಿದೆ. ಅಯ್ಯನವರು ಒದ್ದೆ ಮಾಡಿದ ಹೂವನ್ನು ದೇವರ ಎರಡೂ ಭುಜಕ್ಕೆ ಒಂದೊಂದು ಅಂಟಿಸುತ್ತಾರೆ. ಕೇಳುವವರು ತಮ್ಮ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಿ ಕೂರಬೇಕು. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಒಮ್ಮೆ ಬಿದ್ದ ಮೇಲೆ ಯಾರೂ ಎದುರು ಮಾತಾಡುವ ಹಾಗಿಲ್ಲ. ನನ್ನನ್ನು ಶಾಲೆ ಬಿಡಿಸುವಾಗ ಹೀಗೆ ಕೇಳಿದ್ದರೋ ಇಲ್ಲವೋ ಗೊತ್ತಿಲ್ಲ. ಕೇಳುವಷ್ಟು ದೊಡ್ಡ ಮಾತು ಅದಾಗಿರಲಿಕ್ಕಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ನಾವು ನಾಲ್ವರೂ ಹೊಳೆದಂಡೆಯ ಗುಡಿಯಲ್ಲಿದ್ದೆವು. ಸೆಖೆಯಿತ್ತು. ಯಾರೋ ಭಕ್ತರು ಕೊಟ್ಟ ಸ್ಟ್ಯಾಂಡ್ ಫ್ಯಾನೊಂದು ಗರ್ಭಗುಡಿಯ ಬಾಗಿಲ ಬಳಿ ತಲೆ ತಿರುಗಿಸುತ್ತಾ ನಿಂತಿತ್ತು. ಅಯ್ಯನವರು ಹೂವು ಅಂಟಿಸಿ ಈಚೆ ಬಂದರು.

“ಸಮತಾನ ಆ ನರ್ಸಿಂಗ್ ಕಾಲೇಜಿಗೆ ಸೇರಿಸಿದ್ರೆ ಒಳ್ಳೇದಾಗುತ್ತೆ ಅನ್ನೋದಾದ್ರೆ ಬಲಗಡೆ ಕೊಡು ನಮ್ಮಪ್ಪ,” ಎಂದರು ಅಪ್ಪ.

ಅವರು ಕಣ್ಣು ಮುಚ್ಚಿದರು. ಅಮ್ಮನೂ ಸಮತಾಳೂ ಮುಚ್ಚಿದರು. ನಾನು ಮುಚ್ಚಲಿಲ್ಲ. ಫ್ಯಾನಿನ ತಲೆ ಈ ಕಡೆ ಬಂದಾಗಲೆಲ್ಲ ಬಲಗಡೆಯ ದೀಪದ ಕುಡಿ ಬಾಗುತ್ತಿತ್ತು, ಬಲಗಡೆಯ ಹೂವಿನ ಅಂಚು ನಡುಗುತ್ತಿತ್ತು. ಎಡಗಡೆಗೆ ಬಾಗಿಲ ತೋಳು ಅಡ್ಡ ಇತ್ತು, ಅಲ್ಲಿಗೆ ಗಾಳಿ ಹೋಗುತ್ತಿರಲಿಲ್ಲ. ಒಂದು ಸುತ್ತು. ಎರಡು ಸುತ್ತು. ಐದನೆಯ ಸುತ್ತಿಗೆ ಬಲಗಡೆಯ ಹೂವು ಕಳಚಿ ಬಿತ್ತು.

“ಕೊಟ್ಟ!” ಎಂದರು ಅಯ್ಯನವರು.

ಅಪ್ಪನ ಕಣ್ಣಲ್ಲಿ ನೀರಿತ್ತು. ಎರಡು ದಿನದಿಂದ ಹೊತ್ತದ್ದನ್ನು ಕೆಳಗಿಟ್ಟವರ ಹಾಗೆ ಉಸಿರು ಬಿಟ್ಟರು. ಸಮತಾ ಹೂವನ್ನು ಕಣ್ಣಿಗೊತ್ತಿಕೊಂಡು ತಲೆಗೆ ಮುಡಿದಳು. ಅವಳ ಮುಖ ಬಿಳಚಿಕೊಂಡಿತ್ತು. ಫ್ಯಾನಿನ ವಿಷಯ ಹೇಳಲು ಬಾಯಿ ತೆರೆದೆ. ಅಯ್ಯನವರು ನನ್ನ ಕಡೆ ನೋಡಿದರು, ನಾನು ತಲೆ ತಗ್ಗಿಸಿದೆ.

ಅಮ್ಮ ಮನೆಗೆ ಹೋದಳು. ನಾವು ಮೂವರು ಅಲ್ಲಿಂದಲೇ ಶಿವಮೊಗ್ಗಕ್ಕೆ ಹೋದೆವು. ಕಾಲೇಜು ಇದ್ದದ್ದು ಊರು ದಾಟಿ, ಗಾಜನೂರಿನ ಕಡೆ ಹೋಗುವ ರಸ್ತೆಯಲ್ಲಿ. ಮೂರಂತಸ್ತಿನ ಕಟ್ಟಡ. ಎದುರಿನ ಬೋರ್ಡಿನಲ್ಲಿ ಅದೇ ನಗುವ ನರ್ಸುಗಳು, ಬಿಸಿಲಿಗೆ ಮುಖ ಅಳಿಸಿಹೋಗಿ ಹಲ್ಲು ಮಾತ್ರ ಉಳಿದಿತ್ತು. ಗೇಟಿನವನು ನಮ್ಮನ್ನು ಒಳಗೆ ಬಿಟ್ಟು ಹಿಂದಿನಿಂದ ಬೀಗ ಹಾಕಿದ. ಹಗಲು ಹನ್ನೊಂದು ಗಂಟೆಗೆ ಕಾಲೇಜಿಗೆ ಬೀಗ ಯಾಕೆ ಎಂದು ಅಪ್ಪನಿಗೆ ಅನಿಸಲಿಲ್ಲ. “ಹೆಣ್ಮಕ್ಕಳ ಜಾಗ. ಭದ್ರ ಮಾಡಿದಾರೆ,” ಎಂದರು.

ಆಫೀಸಿನಲ್ಲಿ ಶರಾವತಿ ಮೇಡಂ ಎಂಬವರು ಕೂತಿದ್ದರು. ಬಿಳಿ ಕೂದಲು, ಮೆತ್ತಗಿನ ಮಾತು. ಮಾವ ಪಕ್ಕದ ಕುರ್ಚಿಯಲ್ಲಿದ್ದ. ಮೇಡಂ ಸಮತಾಳ ಕೈ ಹಿಡಿದುಕೊಂಡು, ಬೆರಳುಗಳನ್ನು ಒಂದೊಂದಾಗಿ ನೋಡಿ, “ಒಳ್ಳೇ ಕೈ,” ಎಂದರು. ನನಗೆ ಕೂರಲಾಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದೆ.

ಪಡಸಾಲೆಯಲ್ಲಿ ಹತ್ತು ಹನ್ನೆರಡು ಹುಡುಗಿಯರು ಬಿಳಿ ಬಟ್ಟೆಯಲ್ಲೇ ಬೆಂಚುಗಳ ಮೇಲೆ ಮಲಗಿದ್ದರು. ಕ್ಲಾಸಿನ ಕೋಣೆಗಳು ಖಾಲಿ. ಒಂದರ ಕಪ್ಪುಹಲಗೆಯ ಮೇಲೆ ಫೆಬ್ರುವರಿಯ ತಾರೀಖಿತ್ತು. ನಲ್ಲಿಯ ಹತ್ತಿರ ಒಬ್ಬಳು ನಿಂತು ಮುಖ ತೊಳೆಯುತ್ತಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ರಶ್ಮಿ ಎಂದಿತ್ತು.

“ಹೊಸ ಅಡ್ಮಿಷನ್ನಾ?” ಎಂದಳು, ನನ್ನ ಕಡೆ ತಿರುಗದೆ.

“ನಾನಲ್ಲ. ನನ್ನ ತಂಗಿ.”

“ಇವತ್ತು ಎಷ್ಟನೇ ತಾರೀಖು?”

ಹೇಳಿದೆ. ಅವಳು ಮನಸ್ಸಿನಲ್ಲೇ ಏನೋ ಎಣಿಸಿದಳು.

“ಒರಿಜಿನಲ್ ಕೊಟ್ರಾ?”

“ಇನ್ನೂ ಇಲ್ಲ.”

“ಕೊಡಬೇಡಿ.” ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಳು. “ಓನರದ್ದು ನಾಲ್ಕು ನರ್ಸಿಂಗ್ ಹೋಮ್ ಇದೆ. ಅಲ್ಲಿ ಡ್ಯೂಟಿ ಮಾಡೋರೆಲ್ಲ ನಾವೇ. ಸೇರಿದ ಮೂರನೇ ದಿನಕ್ಕೇ ಹಾಕಿದ್ರು ನನ್ನ. ಡ್ಯೂಟಿ ಮುಗಿದ್ರೆ ಕ್ಲಾಸು ಅಂತಾರೆ. ಡ್ಯೂಟಿ ಮುಗಿಯಲ್ಲ. ಬಿಡ್ತೀನಿ, ಕಾಗದ ಕೊಡಿ ಅಂತ ಎಂಟು ತಿಂಗಳಿಂದ ಕೇಳ್ತಿದೀನಿ. ನಮ್ಮಜ್ಜಿ ಸತ್ತಾಗಲೂ ಬಿಡ್ಲಿಲ್ಲ.”

“ಮನೆಯವರಿಗೆ ಫೋನ್ ಮಾಡಿ ಹೇಳಬಾರದಾ?”

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ಯಾವ ಫೋನು?”

ಮೇಲಿನಿಂದ ಯಾರೋ ಕರೆದರು. ಅವಳು ಒದ್ದೆ ಮುಖದಲ್ಲೇ ಓಡಿದಳು.

ನಾನು ಆಫೀಸಿಗೆ ಬಂದಾಗ ಅಪ್ಪ ಪ್ಲಾಸ್ಟಿಕ್ ಕವರಿನಿಂದ ಅಂಕಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಜೋಡಿಸುತ್ತಿದ್ದರು. ಮೇಡಮ್ಮಿನ ಹಿಂದೆ ಕಬ್ಬಿಣದ ಬೀರು ತೆರೆದಿತ್ತು. ಒಳಗೆ ಅಂಥವೇ ಕವರುಗಳು, ಕೆಳಗಿನ ಅರೆಯಿಂದ ಮೇಲಿನ ಅರೆಯ ತನಕ. ಏನಾದರೂ ಹೇಳಲೇಬೇಕಿತ್ತು. ನಲ್ಲಿಯ ಹತ್ತಿರ ಕೇಳಿದ್ದನ್ನು ಹೇಳಿದರೆ ಆ ಹುಡುಗಿಗೆ ಏನು ಮಾಡುತ್ತಾರೋ. ಬೇರೇನೂ ಹೊಳೆಯಲಿಲ್ಲ.

“ಅಪ್ಪಾ, ಬೆಳಿಗ್ಗೆ ಗುಡೀಲಿ ಫ್ಯಾನ್ ತಿರುಗ್ತಿತ್ತು,” ಎಂದೆ. “ಗಾಳಿಗೆ ಬಿದ್ದದ್ದು ಹೂವು. ನಾನು ನೋಡ್ದೆ.”

ಎಲ್ಲರೂ ನನ್ನನ್ನೇ ನೋಡಿದರು. ಅಪ್ಪನ ಕೈ ಅಲ್ಲೇ ನಿಂತಿತು.

“ಓಹೋ, ಮಾತು ಬಂತಪ್ಪ ಇವಳಿಗೆ,” ಎಂದು ಮಾವ ನಕ್ಕ. ಅಪ್ಪ ನಗಲಿಲ್ಲ. ದೇವರ ವಿಷಯದಲ್ಲಿ ಅವರಿಗೆ ಅನುಮಾನ ಇರಬಾರದು. ಮೇಜಿನ ಮೇಲಿದ್ದದ್ದನ್ನೆಲ್ಲ ಮತ್ತೆ ಕವರಿಗೆ ಹಾಕಿಕೊಂಡರು. “ನಾಳೆ ಬರ್ತೀವಿ ಮೇಡಂ. ಇನ್ನೊಂದ್ಸಲ ಕೇಳಿ ಬರ್ತೀವಿ.”

ಮೇಡಮ್ಮಿಗೆ ಸಿಟ್ಟೇ ಬರಲಿಲ್ಲ. “ಕೇಳಿ, ಕೇಳಿ. ಎಷ್ಟು ಸಲ ಬೇಕಾದ್ರೂ ಕೇಳಿ,” ಎಂದರು. ಬೀರುವಿನ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಬಸ್ಸಿನಲ್ಲಿ ರಶ್ಮಿ ಹೇಳಿದ್ದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡರು. ಸಮತಾ ಮಡಿಲಲ್ಲಿದ್ದ ಕವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಕೆಲಸ ಮಾಡ್ದೆ ಯಾವ ವಿದ್ಯೆ ಬರುತ್ತೆ?” ಎಂದರು ಅಪ್ಪ ಕೊನೆಗೆ. “ಒಬ್ಬಳು ಹೇಳಿದ್ಲು ಅಂತ ಹೆಂಗೆ ನಂಬೋದು? ಮೈಗಳ್ಳಿ ಎಲ್ಲಾ ಕಡೆ ಇರ್ತಾಳೆ. ದೇವರು ಹೇಳ್ಲಿ. ಬೇಡ ಅಂದ್ರೆ ನಾಳೆನೇ ನವುಲೆಗೆ ದುಡ್ಡು ಕಟ್ತೀನಿ, ಎಲ್ಲಿಂದಾದ್ರೂ ತರ್ತೀನಿ. ಆಯ್ತಾ?”

ಆಯಿತು ಎಂದೆ. ನನಗೆ ಧೈರ್ಯ ಬಂದಿತ್ತು. ಫ್ಯಾನಿನ ಪ್ಲಗ್ಗನ್ನು ನಾನೇ ಕೀಳಬೇಕು ಎಂದುಕೊಂಡೆ.

ಸಂಜೆ ನಾನೇ ಕಿತ್ತೆ. ಗುಡಿಯಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ದೀಪದ ಕುಡಿ ಬರೆದಿಟ್ಟ ಹಾಗೆ ನೇರ ನಿಂತಿತ್ತು. ಅಪ್ಪ ಬೆಳಿಗ್ಗೆ ಕೇಳಿದ ಮಾತನ್ನೇ ಮತ್ತೆ ಕೇಳಿದರು. ಆಗ ನನಗೆ ಹೊಳೆಯಿತು, ನವುಲೆಯ ಹೆಸರನ್ನು ಯಾರೂ ಎತ್ತಲೇ ಇಲ್ಲ. ಎರಡು ಕಾಲೇಜಿದ್ದವು, ದೇವರ ಮುಂದೆ ಇಟ್ಟದ್ದು ಒಂದನ್ನೇ.

“ಅಪ್ಪಾ, ನವುಲೆಯದನ್ನೂ ಕೇಳಿ,” ಎಂದೆ.

“ಸುಮ್ನಿರಮ್ಮ,” ಎಂದರು ಅಯ್ಯನವರು. “ಒಂದೇ ದಿನ ಎರಡು ಸಲ ಕೇಳೋದೇ ತಪ್ಪು. ಅದರ ಮೇಲೆ ಪ್ರಶ್ನೆ ಬೇರೆ ಬದಲಿಸ್ತೀರಾ? ದೇವರಿಗೇ ಪರೀಕ್ಷೆ ಇಡ್ತೀರಾ?”

ಹತ್ತು ನಿಮಿಷವಾಯಿತು. ಹದಿನೈದಾಯಿತು. ನಾನು ಎರಡು ಹೂವುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಅಯ್ಯನವರು ದೂರ ಕೂತಿದ್ದರು, ಯಾರ ಕೈಯೂ ಹತ್ತಿರ ಇರಲಿಲ್ಲ, ಗಾಳಿ ಇರಲಿಲ್ಲ. ನನ್ನ ಕಣ್ಣೆದುರಿಗೇ ಬಲಗಡೆಯ ಹೂವು ನಿಧಾನಕ್ಕೆ ಜಾರಿ, ಭುಜದ ಅಂಚಿನಲ್ಲಿ ಒಂದು ಕ್ಷಣ ನಿಂತು, ಬಿತ್ತು. ಈ ಸಲ ನಾನು ನೋಡಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ.

“ಇನ್ನೇನಾಗ್ಬೇಕು ನಿಂಗೆ?” ಎಂದರು ಅಪ್ಪ ನನ್ನ ಕಡೆ ತಿರುಗಿ. ಬೈಗುಳವಲ್ಲ ಅದು.

ಮಂಗಳವಾರ ಒಂಬತ್ತಕ್ಕೆ ಅಪ್ಪ ಮತ್ತು ಸಮತಾ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಅವಳ ಹತ್ತಿರ ಒಂದು ಟ್ರಂಕು, ಒಂದು ಚೀಲ. ನಾನು ಅಂಗಡಿಯಿಂದ ದಾಟಿ ಬಂದೆ. ಅಪ್ಪ ಚಿಲ್ಲರೆ ತರಲು ಹೋದರು.

“ನಿಂಗೆ ಯಾವುದು ಬೇಕು? ನನ್ನ ಹತ್ರ ಹೇಳು,” ಎಂದೆ. “ಸಂಜೆ ಐದರ ತನಕ ಟೈಮಿದೆ.”

“ಅಕ್ಕ, ನಾನು ನವುಲೆಗೆ ಹೋಗಿ ಒಂದು ಸಬ್ಜೆಕ್ಟ್ ಫೇಲಾದ್ರೂ ಎಲ್ಲಾರೂ ಅದನ್ನೇ ಹೇಳ್ತಾರೆ. ದೇವರು ಬೇರೆ ಹೇಳಿತ್ತು ಅಂತ. ನಾನೂ ಹಂಗೇ ಅಂದ್ಕೋತೀನಿ.” ಅವಳು ನಗಲು ನೋಡಿದಳು. “ಮತ್ತೆ ಅಪ್ಪ ರಾತ್ರಿ ಗೊರಕೆ ಹೊಡೆದ್ರು ಗೊತ್ತಾ? ಎರಡು ದಿನ ಆದ್ಮೇಲೆ. ಬಿಡು.”

“ಬೇಕಾ ಬೇಡ್ವ ಅಂತ ಕೇಳಿದ್ದು.”

ಬಸ್ಸು ಬಂತು. ಅವಳು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, “ಬೇಕಿತ್ತು,” ಎಂದಳು.

ಒಂದೂವರೆಗೆ ಅಪ್ಪ ಒಬ್ಬರೇ ಅಂಗಡಿಗೆ ಬಂದರು. ಪ್ಲಾಸ್ಟಿಕ್ ಕವರ್ ಖಾಲಿ ಇತ್ತು. ಕೈಯಲ್ಲಿ ಸ್ಟ್ಯಾಂಪ್ ಪೇಪರಿನ ಒಂದು ಕಟ್ಟು. “ಇದನ್ನೊಂದು ಜೆರಾಕ್ಸ್ ಮಾಡು. ನಮ್ಮದೂ ಒಂದು ಇರ್ಲಿ ಅಂತ ಕೊಟ್ಟಿದಾರೆ.”

“ಓದಿದ್ರಾ?”

“ಇಂಗ್ಲಿಷು. ಗುರು ಓದಿ ಹೇಳ್ದ. ನಾಲ್ಕು ವರ್ಷ ಓದಿಸ್ತೀವಿ ಅಂತ ಬರ್ದಿದೆ.”

ಅರ್ಜಿ ತುಂಬಿ ತುಂಬಿ ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಬೆರಳಿಟ್ಟು ಓದಿದೆ. ಅರ್ಥವಾಗದ ಕಡೆ ವಿಜಯಕುಮಾರ್ ಅವರನ್ನು ಕೇಳಿದೆ. ನಾಲ್ಕನೆಯ ಪುಟದಲ್ಲಿತ್ತು. ವಿದ್ಯಾರ್ಥಿನಿ ನಡುವೆ ಬಿಟ್ಟರೆ ನಾಲ್ಕೂ ವರ್ಷದ ಫೀಸು, ಹಾಸ್ಟೆಲು, ಊಟದ ಖರ್ಚು ಎಲ್ಲವನ್ನೂ ಒಟ್ಟಿಗೆ ಕಟ್ಟಬೇಕು. ಕಟ್ಟುವವರೆಗೆ ಒರಿಜಿನಲ್ ಪತ್ರಗಳು ಕಾಲೇಜಿನ ವಶ. ಓದು ಮುಗಿದ ಮೇಲೆ ಮೂರು ವರ್ಷ ಅವರು ಹೇಳಿದಲ್ಲಿ ಕೆಲಸ. ಕೆಳಗೆ ಅಪ್ಪನ ಸಹಿ. ಪಕ್ಕದಲ್ಲಿ ಸಮತಾಳ ಸಹಿ, ಅವಳ ದುಂಡು ಅಕ್ಷರ.

“ಏನ್ರೀ ಕೊಟ್ರಬಸಪ್ನೋರೇ, ಇದಕ್ಕೆ ಸೈನ್ ಹಾಕಿದ್ರಾ?” ಎಂದರು ವಿಜಯಕುಮಾರ್.

ಅಪ್ಪ ನಿಂತಲ್ಲೇ ಕೌಂಟರ್ ಹಿಡಿದುಕೊಂಡರು.

ಸಮತಾಳ ಫೋನಿಗೆ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಆಮೇಲೆ ಕೂತು ಅವಳ ನಂಬರ್ ಹಾಕಿ ಪುಟ ತೆರೆದೆ. ನನ್ನ ಫೋನಿಗೆ ಓಟಿಪಿ ಬಂತು. ಚಾಯ್ಸ್ ಒನ್. ಅಪ್ಪನ ಕಡೆ ನೋಡದೆ ಒತ್ತಿದೆ. ಫೀಸಿನ ಪುಟ ಬಂದಾಗ ಕೈ ನಿಂತಿತು. ವಿಜಯಕುಮಾರ್ ತಮ್ಮ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, “ನಿನ್ ಸಂಬಳದಲ್ಲಿ ಹಿಡ್ಕೋತೀನಿ ಮಾರಾಯ್ತಿ. ಎಲ್ಲೂ ಓಡಿ ಹೋಗಬೇಡ ಅಷ್ಟೇ,” ಎಂದರು.

ಪ್ರವೇಶ ಪತ್ರ ಪ್ರಿಂಟಾಗಿ ಬೆಚ್ಚಗೆ ಹೊರಗೆ ಬಂತು. ಶುಕ್ರವಾರದೊಳಗೆ ಒರಿಜಿನಲ್‌ಗಳೊಂದಿಗೆ ಹಾಜರಾಗಬೇಕು ಎಂದಿತ್ತು.

“ನನ್ನ ಕೇಳ್ದೆ ಒತ್ತಿದ್ಯಾ,” ಎಂದರು ಅಪ್ಪ. ಪತ್ರವನ್ನು ಕೈಗೆತ್ತಿಕೊಂಡು, “ನಡಿ,” ಎಂದರು.

ನಾವು ಆ ನರ್ಸಿಂಗ್ ಕಾಲೇಜಿನ ಗೇಟು ಮುಟ್ಟಿದಾಗ ನಾಲ್ಕೂಕಾಲು. ಗೇಟಿನವನು ಪತ್ರ ನೋಡಲಿಲ್ಲ. “ಭೇಟಿ ಎರಡನೇ ಭಾನುವಾರ,” ಎಂದ. ಅಪ್ಪ ಕೈ ಮುಗಿದರು. ಅವನು ಒಳಗೆ ಫೋನ್ ಮಾಡಿ, “ತಂದೆ ಒಬ್ಬರೇ ಬರಬೇಕಂತೆ,” ಎಂದು ಚಿಕ್ಕ ಬಾಗಿಲು ತೆರೆದ. ಅಪ್ಪ ಪ್ರವೇಶ ಪತ್ರವನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ತಲೆ ತಗ್ಗಿಸಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ನಾನು ರಸ್ತೆಯ ಆಚೆ ನಿಂತೆ. ಕಟ್ಟಡದ ಕಿಟಕಿಗಳಿಗೆಲ್ಲ ಒಳಗಿನಿಂದ ಹಳೆ ಪೇಪರ್ ಅಂಟಿಸಿತ್ತು. ನಿನ್ನೆ ನಾನು ಅದನ್ನು ಗಮನಿಸಿರಲಿಲ್ಲ. ಒಳಗಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಅಷ್ಟು ಹೆಣ್ಣುಮಕ್ಕಳಿರುವ ಜಾಗದಿಂದ ಒಂದು ನಗು, ಒಂದು ಕೂಗು, ಏನೂ ಇಲ್ಲ. ಐದು ಗಂಟೆಗೆ ಫೋನಿಗೆ ಸಂದೇಶ ಬಂತು. ಸಮತಾಳ ಸೀಟು ಖಾತ್ರಿಯಾಗಿದೆ ಎಂದು.

ಐದೂವರೆಗೆ ಅಪ್ಪ ಹೊರಗೆ ಬಂದರು. ಜೇಬು ಖಾಲಿ ಇತ್ತು.

“ಪತ್ರ?”

“ಫೈಲಿಗೆ ಬೇಕು ಅಂತ ಇಟ್ಕೊಂಡ್ರು.” ಅವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. “ಹನ್ನೊಂದು ಲಕ್ಷ ಅಂದ್ರು. ಈಗಲೇ ಕಟ್ಟಿ, ಈಗಲೇ ಕರ್ಕೊಂಡು ಹೋಗಿ ಅಂದ್ರು. ಬಹಳ ಮರ್ಯಾದೆಯಿಂದ ಮಾತಾಡಿದ್ರು.”

“ಪತ್ರದ್ದು ಇನ್ನೊಂದು ಪ್ರಿಂಟ್ ತೆಗೀತೀನಿ. ಸಮತಾ ಎಲ್ಲಿ?”

“ಕರೆಸಿದ್ರು. ಬಾಗಿಲಲ್ಲಿ ಬಂದು ನಿಂತ್ಲು. ಕಾಗದ ಹಾಳಾಗಿ ಹೋಗ್ಲಿ, ನೀನು ಬಾ, ಮನೆಗೆ ಹೋಗೋಣ ಅಂದೆ. ಬರಲ್ಲ ಅಂದ್ಲು.” ಅಪ್ಪ ತಮ್ಮ ಅಂಗೈಯನ್ನು ನೋಡಿಕೊಂಡರು. “ಕಾಗದ ಇಲ್ದೆ ಎಲ್ಲೂ ಓದೋಕಾಗಲ್ಲ, ದುಡ್ಡು ನಿಮ್ಮಿಂದ ಕಟ್ಟೋಕಾಗಲ್ಲ, ಹೋಗಿ ಅಪ್ಪಾ ಅಂದ್ಲು. ಅಷ್ಟೇ. ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ರು.”

“ಮುಖ ಹೇಗಿತ್ತು ಅವಳದ್ದು?”

“ಮುಖ ಕಾಣ್ಲಿಲ್ಲ. ಡ್ಯೂಟಿ ಡ್ರೆಸ್ ಹಾಕ್ಸಿದ್ರು ಆಗಲೇ. ತಲೆಗೆ ಟೋಪಿ, ಬಾಯಿಗೆ ಮಾಸ್ಕು. ಕಣ್ಣು ಮಾತ್ರ.”

ಶಿವಮೊಗ್ಗದ ಕಡೆಯ ಬಸ್ಸು ತಿರುವಿನಲ್ಲಿ ಕಾಣಿಸಿತು. ಅಪ್ಪ ಎದ್ದು ಕೈ ಅಡ್ಡ ಹಿಡಿಯಲು ಹೋದವರು ಅರ್ಧಕ್ಕೇ ನಿಂತರು.

“ಧ್ವನಿ ಅವಳದ್ದೇ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಅವಳದ್ದೇ ಅಲ್ವಾ?”

ನಾನು ಗೇಟಿನ ಹೊರಗಿದ್ದೆ. ನನಗೆ ಏನೂ ಕೇಳಿಸಿರಲಿಲ್ಲ. ಬಸ್ಸು ನಿಂತಿತು, ಕಂಡಕ್ಟರ್ ಹತ್ತಿ ಹತ್ತಿ ಎಂದ, ನಾವಿಬ್ಬರೂ ಹತ್ತಲಿಲ್ಲ.